ಬಂಡೆಯಿಂದಾಚೆಯ ಒಂಬತ್ತು ಚುಕ್ಕೆ

ನಕ್ಷೆ ಕಚೇರಿಯಲ್ಲಿ ಒಂದು ಹಳೇ ಕಟ್ಟಳೆಯಿತ್ತು: ಕಾಲಲ್ಲಿ ನಡೆಯದ ದಾರಿಯನ್ನು ಕೈಯಲ್ಲಿ ಬರೆಯಬಾರದು. ಅದಕ್ಕೆಂದೇ ಒಂದು ದಪ್ಪ ರಿಜಿಸ್ಟರು, ಅದರಲ್ಲಿ ಪ್ರತಿ ಕಾಲುದಾರಿಗೂ 'ನಡೆದು ನೋಡಿದವರು' ಎಂಬ ಕಾಲಂ. ಮೂವತ್ತು ವರ್ಷದಿಂದ ಅಲ್ಲಿ ನಕ್ಷೆ ತಿದ್ದುತ್ತಿದ್ದವಳು ಮನಸ್ಸು ಮುದುಡಿದ ದಿನ ತೆರೆಯುತ್ತಿದ್ದದ್ದು ಆ ರಿಜಿಸ್ಟರಿನ ಒಂದೇ ಪುಟ. ಅಲ್ಲಿ ಸರ್ವೇಯರಾಗಿದ್ದ ಅವಳ ಅಪ್ಪನ ಗುಂಡು ಅಕ್ಷರ: 'ನಾನು ಮತ್ತು ಮಗಳು.' ಅಪ್ಪ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಸರ್ಕಾರಿ ಕಾಗದಕ್ಕೆ ಏಳು ವರ್ಷದ ಮಗಳನ್ನು ಸೇರಿಸಿದ ಪುಣ್ಯಾತ್ಮ ಇನ್ನೊಬ್ಬನಿರಲಾರ.

ಅಂದು ಬೆಟ್ಟದ ರಕ್ಷಣಾ ತಂಡದ ಮುಖ್ಯಸ್ಥ ಬಂದ. ಮಣ್ಣು ಮೆತ್ತಿದ ಬೂಟನ್ನು ಬಾಗಿಲಲ್ಲೇ ಬಿಟ್ಟು, ಅವಳ ಮೇಜಿನ ಮೇಲೆ ನಕ್ಷೆ ಹರಡಿದ. ಅವನು ಬೆರಳಿಟ್ಟದ್ದು ಆ ಪುಟದ ದಾರಿಯ ಮೇಲೆಯೇ.

"ಈ ಚುಕ್ಕೆ ಸಾಲು ನಂಬ್ಕೊಂಡು ಜನ ಹೋಗಿ ಸಿಕ್ಕಾಕೊಂಡಿದ್ದು ಇದು ಮೂರನೇ ಸಲ, ಮೇಡಂ. ಬಂಡೆ ದಾಟಿದ್ರೆ ದಾರಿನೇ ಇಲ್ಲ, ಬರೀ ಪ್ರಪಾತ. ಮೊನ್ನೆ ಮಂಜಲ್ಲಿ ಒಬ್ರು ಮೇಷ್ಟ್ರು ಜಾರಿದ್ರು. ಎರಡೂ ಕಾಲು ಮುರಿದಿದೆ. ಬದುಕಿದ್ದೇ ದೊಡ್ಡದು."

ಆಮೇಲೆ ದನಿ ತಗ್ಗಿಸಿದ. "ಇದು ನಿಮ್ಮ ತಂದೆಯವರು ಹಾಕಿದ್ದು ಅಂತ ಗೊತ್ತು. ಆಗ ದಾರಿ ಇದ್ದಿರ್ಬೇಕು. 'ಕುಸಿದಿದೆ' ಅಂತ ಬರೆದುಬಿಡಿ. ಅವರ ಹೆಸರಿಗೂ ಏನೂ ಆಗಲ್ಲ."

ಒಳ್ಳೆಯ ಮನುಷ್ಯ. ಆದರೆ ಅವಳಿಗೆ ನೆನಪಿತ್ತು. ಬೇಸಿಗೆ ರಜೆಯ ಆ ದಿನ ಅಪ್ಪ ನೂರು ಹೆಜ್ಜೆ ಎಣಿಸಿದಾಗಲೆಲ್ಲ ಅವಳು ಒಂದು ಕಲ್ಲನ್ನು ಜೇಬಿಗೆ ಹಾಕಬೇಕಿತ್ತು. ಒಂದು ಕಲ್ಲಿಗೆ ನಕ್ಷೆಯಲ್ಲಿ ಒಂದು ಚುಕ್ಕೆ. ಬಂಡೆಯ ಹತ್ತಿರ ಬರುವಷ್ಟರಲ್ಲಿ ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತು. ಮಂಜೂ ಇಳಿಯಿತು. ಅಪ್ಪ ಮುಂದೆ ಕವಿದ ಮಂಜು ನೋಡಿದ, ಅವಳ ಕಾಲು ನೋಡಿದ, ಸುಮ್ಮನೆ ಹೆಗಲ ಮೇಲೆ ಕೂರಿಸಿಕೊಂಡು ಹಿಂದಿರುಗಿದ. ಆ ಬೆವರು, ಆ ಪೆನ್ಸಿಲ್ ಪುಡಿಯ ವಾಸನೆಯ ಅಂಗಿ! ಅಷ್ಟು ಎತ್ತರದಿಂದ ಅವಳು ಜಗತ್ತನ್ನು ಮತ್ತೆ ನೋಡಲಿಲ್ಲ.

ಸಂಜೆ ಅಡುಗೆಮನೆಯ ಮೇಜಿನಲ್ಲಿ ಅಪ್ಪ ಪೆನ್ಸಿಲ್ ಹಿಡಿದು ಗೊಣಗಿದ್ದ, "ಬಂಡೆಯಿಂದ ಆಚೆ ದಾರಿ ಸೇರೋಕೆ ಇನ್ನೊಂದು ಒಂಬತ್ತು ಕಲ್ಲಿನಷ್ಟು ದೂರ ಇರ್ಬಹುದು." ಅಂಗಳಕ್ಕೆ ಓಡಿ ಒಂಬತ್ತು ಕಲ್ಲು ಹೆಕ್ಕಿ ತಂದುಕೊಟ್ಟವಳು ಇವಳೇ. ಅಪ್ಪ ನಕ್ಕು ಒಂಬತ್ತು ಚುಕ್ಕೆ ಇಟ್ಟ. ಜೀವಮಾನದಲ್ಲಿ ಅವನು ನಡೆಯದೆ ಬರೆದದ್ದು ಅಷ್ಟೇ.

'ಕುಸಿದಿದೆ' ಎಂದು ಬರೆದರೆ ಅಪ್ಪ ಉಳಿಯುತ್ತಾನೆ. ಆದರೆ ಬೆಟ್ಟ ಹತ್ತುವವರ ಬುದ್ಧಿ ಅವಳಿಗೆ ಗೊತ್ತಿಲ್ಲವೇ? ಕುಸಿದಿದೆ ಎಂದರೆ, ಸ್ವಲ್ಪವಾದರೂ ಉಳಿದಿರಬಹುದು ಎಂದು ಹುಡುಕಿಕೊಂಡು ಹೋಗುವ ಜಾತಿ ಅದು.

"ಕುಸಿದಿಲ್ಲ. ಅಲ್ಲಿ ದಾರಿ ಯಾವತ್ತೂ ಇರ್ಲಿಲ್ಲ" ಎಂದಳು.

"ಅಂದ್ರೆ, ನಿಮ್ಮ ತಂದೆ..."

"ನಡೀಲಿಲ್ಲ. ನನ್ನ ಕಾಲು ನೋಯ್ತಿತ್ತು."

ನಕ್ಷೆಯಲ್ಲಿ ಬಂಡೆಯಾಚೆಯ ಒಂಬತ್ತು ಚುಕ್ಕೆಗಳನ್ನು ಅವಳು ಹೊಡೆದುಹಾಕಿದಳು. ಆಮೇಲೆ ರಿಜಿಸ್ಟರು ತೆರೆದು, ಕೆಂಪು ಶಾಯಿಯಲ್ಲಿ ಅಪ್ಪನ ಅಕ್ಷರಗಳ ಮೇಲೆ ಗೆರೆ ಎಳೆದಳು. ಗೆರೆ ಎಳೆಯುವುದೇ ಕಸುಬಾದವಳ ಗೆರೆ ಅಂದು ಸೊಟ್ಟಗಾಯಿತು. ಕಣ್ಣೊರೆಸಿಕೊಂಡು ಕೆಳಗೆ ಬರೆದಳು: 'ದಾರಿ ಬಂಡೆಯವರೆಗೆ ಮಾತ್ರ. ನಡೆದು ನೋಡಿದವರು: ಅಪ್ಪ ಮತ್ತು ನಾನು. ಅಲ್ಲಿಂದ ಮಗುವನ್ನು ಹೊತ್ತುಕೊಂಡು ಹಿಂದಿರುಗಲಾಯಿತು.'