ಅಜ್ಜಿಯ ಬಾಯಿ ಮುಚ್ಚಿತ್ತೇ

ಎದೆಯ ಮೇಲಿನ ಹಸಿರು ಚೀಟಿಯ ಒಂದು ಮೂಲೆ ಮತ್ತೆ ಮೇಲೆದ್ದಿದೆ, ಹೆಬ್ಬೆರಳಿನಿಂದ ಒತ್ತಿದರೆ ಕೂರುತ್ತದೆ, ಬೆರಳು ತೆಗೆದರೆ ಏಳುತ್ತದೆ, ಈ ಆಸ್ಪತ್ರೆಯಲ್ಲಿ ಒಂದಾದರೂ ನೆಟ್ಟಗೆ ಮುಚ್ಚಿಕೊಳ್ಳುತ್ತದೆಯೇ — ಮುಚ್ಚಿಕೊಳ್ಳುತ್ತದೆಯೇ ಎಂದುಕೊಂಡದ್ದೇ ತಡ ಅವಳ ಎದೆ ಧಸಕ್ಕೆಂದಿತು. ಅಜ್ಜಿ. ಬೆಳಿಗ್ಗೆ ಅಜ್ಜಿಗೆ ಸೊಂಟ ಕೊಟ್ಟೆನೇ? ಅಜ್ಜಿ ಎಂದರೆ ರಕ್ತ ಇಡುವ ಹಳೆಯ ಫ್ರಿಜ್ಜು, ಬಾಗಿಲಿನ ರಬ್ಬರು ಸವೆದುಹೋಗಿದೆ, ಕೈಯಲ್ಲಿ ದೂಡಿದರೆ ಮುಚ್ಚಿದ ಹಾಗೆ ನಟಿಸುತ್ತದೆ ಅಷ್ಟೇ, ಮೇಲೊಂದು ಸಲ ಸೊಂಟದಿಂದ ಗುದ್ದಬೇಕು, ಟಪ್ ಎನ್ನಬೇಕು, ಆಗಲೇ ಅಜ್ಜಿಯ ಬಾಯಿ ಮುಚ್ಚಿತು ಎಂದು ಅರ್ಥ. ಪ್ರಯೋಗಾಲಯಕ್ಕೆ ಹೊಸಬರು ಯಾರೇ ಬಂದರೂ ಮೊದಲ ಪಾಠ ಇದೇ. ಸೊಂಟ ಕೊಟ್ಟಿರಬೇಕು, ದಿನಾ ಕೊಡುವವಳು ಇವತ್ತು ಬಿಟ್ಟೇನೇ, ಆದರೆ ಆ ಟಪ್ ಕಿವಿಯಲ್ಲಿ ಯಾಕಿಲ್ಲ, ನಿನ್ನೆಯದು ಇದೆ, ಮೊನ್ನೆಯದೂ ಇದೆ, ಇವತ್ತಿನದು ಮಾತ್ರ ಎಷ್ಟು ಹುಡುಕಿದರೂ ಸಿಗುತ್ತಿಲ್ಲ.

ಹಸಿರಿನವರು ಶಾಂತಸ್ವಭಾವದವರು, ಎನ್ನುತ್ತಿದ್ದಾನೆ ಒತ್ತಡ ನಿವಾರಣೆಯ ತರಬೇತಿ ಕೊಡಲು ಬಂದ ಕೋಟಿನವನು, ಸ್ವಭಾವ ನೋಡಿ ಎಲ್ಲರ ಎದೆಗೂ ಬಣ್ಣದ ಚೀಟಿ ಅಂಟಿಸಿದವನು, ಪರದೆಯ ಮೇಲೆ ಒಂದು ಮರದ ಚಿತ್ರ, ಕೆಂಪಿನವರು ಸಿಡಿಯುತ್ತಾರೆ, ಹಸಿರಿನವರು ಎಲ್ಲರಿಗೂ ನೆರಳಾಗುತ್ತಾರೆ, ನೋಡಿ ಈ ಮೇಡಂ ಮುಖ ನೋಡಿ, ಎಷ್ಟು ಪ್ರಶಾಂತವಾಗಿದೆ! ಎಲ್ಲರೂ ತಿರುಗಿ ನೋಡಿದರು, ಅವಳು ನಕ್ಕಳು, ನಗದೆ ಏನು ಮಾಡುವುದು. ಪಕ್ಕದಲ್ಲಿ ಕೆಂಪು ಚೀಟಿ ಅಂಟಿಸಿಕೊಂಡು ಕೂತವಳು ಪಟಾಕಿ, ಜೊತೆಯಲ್ಲೇ ಕೆಲಸ ಮಾಡುವವಳು, ಸಣ್ಣದಕ್ಕೂ ಢಂ ಎನ್ನುತ್ತಾಳೆಂದು ಆ ಹೆಸರು. ಹೋದ ವಾರದ ತರಬೇತಿಯಲ್ಲಿ ಕೋಟಿನವನು ನಿಮ್ಮ ತಲೆ ಕೆಡಿಸುವುದು ಯಾವುದು ಎಂದು ಕೇಳಿದಾಗ ಪಟಾಕಿ ಎದ್ದು ನಿಂತು, ಆ ಫ್ರಿಜ್ಜಿನ ಕೂಗು ಸರ್, ಬಾಗಿಲು ಚೂರು ಸಡಿಲವಾದ್ರೂ ಕೀ ಅಂತ ಕಿವಿ ತೂತು ಮಾಡತ್ತೆ, ನನ್ನ ಪ್ರಾಣ ತಿಂತಿದೆ ಎಂದಳು, ಕೆಂಪಿನವರಿಗೆ ಸದ್ದು ಆಗಿಬರುವುದಿಲ್ಲ, ಸದ್ದು ಕಡಿಮೆ ಮಾಡಿಕೊಳ್ಳಿ ಎಂದ ಅವನು. ಈ ಬೆಳಿಗ್ಗೆ ಅಜ್ಜಿ ಕೂಗಿದಾಗ ಪಟಾಕಿ ಕೈಯಲ್ಲಿದ್ದುದನ್ನು ಕುಕ್ಕಿ ಎದ್ದಳು, ಇನ್ನೇನು ಢಂ ಎನ್ನಬೇಕು, ಅಷ್ಟರಲ್ಲಿ ಕೂಗು ನಿಲ್ಲಿಸುವ ಗುಂಡಿಯನ್ನು ಒತ್ತಿದ್ದು ಯಾರು? ಹಸಿರಿನವಳೇ. ನೆರಳು ಕೊಡುವ ಮರ. ಆಮೇಲೆ ಗುಂಡಿಯನ್ನು ಮತ್ತೆ ಎತ್ತಲೇ ಇಲ್ಲ, ಅದಂತೂ ಖಂಡಿತ, ಅದು ನೆನಪಿದೆ, ಇದೊಂದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ, ಈಗ ಬಾಗಿಲು ತೆರೆದಿದ್ದರೂ ಅಜ್ಜಿ ಕೂಗುವುದಿಲ್ಲ.

ಕೈ ತುಂಬ ಟ್ರೇ ಇತ್ತು, ಫೋನು ಬಡಿದುಕೊಳ್ಳುತ್ತಿತ್ತು, ಎಲ್ರೂ ಬಂದಾಯ್ತು ನೀವೊಬ್ರೇ ಬಾಕಿ ಬೇಗ ಬನ್ನಿ, ಮೊಣಕೈಯಲ್ಲಿ ಅಜ್ಜಿಯ ಬಾಗಿಲು ದೂಡಿ, ಟ್ರೇ ಇಟ್ಟು, ದೀಪ ಆರಿಸಿ, ಹೊರಗೆ ಬಂದು — ದೀಪ ಆರಿಸಿದಾಗ ನೆಲದ ಮೇಲೆ ಒಂದು ಗೆರೆ ಕಂಡಿತಲ್ಲವೇ? ಬಿಳಿ ಗೆರೆ, ಉಗುರಿನಷ್ಟು ಸಪೂರ, ಫ್ರಿಜ್ಜಿನೊಳಗಿನ ಬೆಳಕು ಸಂದಿಯಿಂದ ಹೊರಬಿದ್ದ ಹಾಗೆ. ಕಂಡಿತೇ, ಈಗ ಕುಳಿತು ಕಲ್ಪಿಸಿಕೊಳ್ಳುತ್ತಿದ್ದೇನೆಯೇ? ಕಂಡಿದ್ದರೆ ಯಾಕೆ ತಿರುಗಲಿಲ್ಲ? ಒಳಗಿರುವುದು ಎರಡೇ ಚೀಲ, ಅಪರೂಪದ ಗುಂಪಿನ ರಕ್ತ ಊರಲ್ಲೆಲ್ಲ ಹುಡುಕಿದರೂ ಸಿಗದೆ, ಬೇರೆ ಊರಿನಿಂದ ಬಸ್ಸಿನಲ್ಲಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕೂತು ಬಂದದ್ದು, ಮಧ್ಯಾಹ್ನ ಒಬ್ಬ ತಾಯಿಯ ಹೃದಯದ ಆಪರೇಷನ್ನಿಗೆ. ಒಳಗಿನ ಉಷ್ಣತೆ ಹತ್ತು ಡಿಗ್ರಿ ದಾಟಿತೆಂದರೆ ಎರಡೂ ಕಸದ ಪಾಲು. ಆಕೆಯ ಗಂಡ ಮೆಟ್ಟಿಲ ಬಳಿಯ ಬೆಂಚಿನಲ್ಲಿ ಕೂತಿದ್ದಾನೆ, ಮಡಿಲಲ್ಲಿ ಮಲಗಿದ ಮಗಳು, ಒಂದು ಕಾಲಲ್ಲಿ ಮಾತ್ರ ಚಪ್ಪಲಿ, ಬೆಳಿಗ್ಗೆ ಇವಳನ್ನು ಕಂಡು ಎದ್ದು ನಿಂತ, ಅಕ್ಕಾ, ರಕ್ತ ಬಂತಂತಲ್ಲ? ಬಂತಪ್ಪ, ನೀನೇನೂ ಯೋಚನೆ ಮಾಡ್ಬೇಡ, ಎಂದಳು, ಹಸಿರಿನ ದನಿಯಲ್ಲೇ ಎಂದಳು, ಅವನ ಮುಖ ಎಷ್ಟು ಹಗುರಾಯಿತು.

ಎದ್ದು ಹೋಗಬಹುದು. ಎದ್ದರೆ ಆಯಿತು, ಏನು ಕಟ್ಟಿಹಾಕಿದ್ದಾರೆಯೇ? ಆದರೆ ಬಾಗಿಲು ಕೋಟಿನವನ ಹಿಂದಿದೆ, ಮೊದಲ ಸಾಲಿನಲ್ಲಿ ದೊಡ್ಡ ಡಾಕ್ಟರು, ಹೋಗಿ ನೋಡಿದಾಗ ಬಾಗಿಲು ಭದ್ರವಾಗಿದ್ದರೆ ನಗೆಪಾಟಲು, ನಿಮಗೂ ಟೆನ್ಶನ್ನಾ ಎಂದಾರು, ಇನ್ನು ಚೂರು ಹೊತ್ತು, ಈಗ ಬಿಡುವು ಕೊಡುತ್ತಾನೆ, ಕೊಡುವುದಿಲ್ಲ ಇವನು, ಕೊರೆಯುತ್ತಲೇ ಇದ್ದಾನೆ. ಏನಾಯ್ತೇ, ಮುಖ ಯಾಕೆ ಹಂಗಿದೆ? ಪಟಾಕಿ ಪಿಸುಗುಟ್ಟಿದಳು. ಏನಿಲ್ಲ. ಎಂದುಬಿಟ್ಟಳಲ್ಲ! ಕೇಳಿದವರಿಗೆಲ್ಲ ಏನಿಲ್ಲ, ಚಿಕ್ಕಂದಿನಲ್ಲಿ ಗೋಡೆಯಿಂದ ಬಿದ್ದು ಮಣಿಕಟ್ಟು ಮುರಿದಾಗಲೂ ಏನಿಲ್ಲಮ್ಮ ಎಂದು ಎಡಗೈಯಲ್ಲಿ ಉಂಡು ಮಲಗಿದವಳು, ಅಮ್ಮ ಹೊದಿಕೆ ಎಳೆಯುವಾಗ ಕೈ ತಗಲಿ ಚೀರಿದ ಮೇಲೇ ಗೊತ್ತಾದದ್ದು. ಬಾಯಿಲ್ಲದ ಕೂಸು ನಂದು, ಎಂದು ಅಮ್ಮ ಬಂದವರಿಗೆಲ್ಲ ಹೇಳಿಕೊಂಡು ಹೆಮ್ಮೆಪಟ್ಟಳು, ಕೈ ಈಗಲೂ ಸ್ವಲ್ಪ ಸೊಟ್ಟಗಿದೆ. ನಿಂಗೇನು ಬಿಡು, ತಲೆಬಿಸಿ ಅನ್ನೋದೇ ಇಲ್ಲ, ಪುಣ್ಯವಂತೆ, ಎನ್ನುತ್ತಾರೆ ಮನೆಯವರು, ಪಕ್ಕದಲ್ಲಿ ಗೊರಕೆ ಹೊಡೆಯುತ್ತಾರೆ, ಗ್ಯಾಸು ಆರಿಸಿದೆನೇ ಎಂದು ಇವಳು ಎದ್ದು ಎದ್ದು ಹೋಗುವುದು ಅವರಿಗೆಲ್ಲಿ ಗೊತ್ತು. ಪುಣ್ಯವಂತೆಯಂತೆ, ಪುಣ್ಯವಂತೆ! ಸಿಟ್ಟು ಬಂತು ಅವಳಿಗೆ, ಗಂಡನ ಮೇಲೆ, ಅಮ್ಮನ ಮೇಲೆ, ಈ ಕೋಟಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಎದೆಗೆ ಅಂಟಿದ ಈ ಹಸಿರಿನ ಮೇಲೆ.

ಈಗ ಎಲ್ಲರೂ ಕಣ್ಣು ಮುಚ್ಚಿ, ಉಸಿರು ಒಳಗೆ, ಉಸಿರು ಹೊರಗೆ, ನಿಮಗೆ ತುಂಬಾ ನೆಮ್ಮದಿ ಕೊಡೋ ಒಂದು ಜಾಗ ನೋಡಿ — ಮುಚ್ಚಿದಳು, ಕತ್ತಲೆ, ಕತ್ತಲೆಯ ನಡುವೆ ನೆಲದ ಮೇಲೆ ಆ ಬಿಳಿ ಗೆರೆ, ಉಗುರಿನಷ್ಟು ಸಪೂರ, ಕಂಡದ್ದು ಹೌದು, ಕಲ್ಪನೆ ಅಲ್ಲ, ಚಪ್ಪಲಿಯ ತುದಿಯವರೆಗೂ ಬಂದಿತ್ತು, ಅದನ್ನು ದಾಟಿಕೊಂಡೇ ಹೊರಗೆ ಬಂದದ್ದು. ಕುರ್ಚಿ ಹಿಂದಕ್ಕೆ ಬಿತ್ತು. ಮೇಡಂ, ಹಸಿರಿನವರು ಕೂತ್ಕೊಳ್ಳಿ, ಇನ್ನೂ ಕಣ್ಣು ತೆರೀಬಾರ್ದು — ಅಜ್ಜಿ ಬಾಯಿ ತೆರ್ಕೊಂಡಿದೆ! ಯಾರು ಕೂಗಿದ್ದು, ಅವಳದೇ ದನಿಯೇ ಇದು, ಇಷ್ಟು ದೊಡ್ಡದೇ ಅವಳ ದನಿ? ಯಾರ ಅಜ್ಜಿ? ಎನ್ನುತ್ತಿದ್ದಾನೆ ಕೋಟಿನವನು, ಪಟಾಕಿಗೆ ಕೇಳಬೇಕಾಗಲಿಲ್ಲ, ಅಯ್ಯಯ್ಯೋ ಎನ್ನುತ್ತ ಅವಳೂ ಹಿಂದೆಯೇ ಎದ್ದಳು, ಬಾಗಿಲು, ಮೆಟ್ಟಿಲು, ಸೆರಗು ಎಲ್ಲೋ ಸಿಕ್ಕಿ ಚರ್ರೆಂದಿತು, ಹರಿಯಲಿ, ಬೆಂಚು, ಓಡಿ ಬರುವವಳನ್ನು ಕಂಡು ಆ ತಾಯಿಯ ಗಂಡ ಎದ್ದು ನಿಂತ, ಮಗುವನ್ನು ಎದೆಗೆ ಅವಚಿಕೊಂಡ, ಅಕ್ಕಾ? ಅಕ್ಕಾ, ಏನಾಯ್ತಕ್ಕಾ? ಏನಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು, ಈ ಸಲ ಹೊರಗೆ ಬೀಳಲಿಲ್ಲ, ಅವನ ಮುಖ ನೋಡಲಾರದೆ ದಾಟಿದಳು. ಪ್ರಯೋಗಾಲಯದ ಬಾಗಿಲು ತಣ್ಣಗಿದೆ, ಹಿಡಿ ತಿರುಗಿಸುತ್ತಿದೆ ಸೊಟ್ಟ ಕೈ, ಗೆರೆ ಇಲ್ಲದಿರಲಿ, ಒಳಗೆ ಬರೀ ಕತ್ತಲೆ ಇರಲಿ ದೇವರೇ, ನಗಲಿ ಎಲ್ಲರೂ, ವರ್ಷವಿಡೀ ನಗಲಿ, ಹಿಂದೆ ಪಟಾಕಿ ಏದುಸಿರು ಬಿಡುತ್ತ, ಎಷ್ಟೊತ್ತಾಯ್ತೇ, ಹೇಳೇ, ಎಷ್ಟೊತ್ತಾಯ್ತು, ಬಾಗಿಲು ತೆರೆಯಿತು, ಕತ್ತಲೆ, ಮತ್ತು ನೆಲದ ಮೇಲೆ, ಅವಳ ಚಪ್ಪಲಿಯ ತುದಿಯವರೆಗೂ, ಬಿಳಿ ಗೆರೆ.