ಮಾವನ ಬಟ್ಟೆ ಅಂಗಡಿ ತಪಾಸಣೆ

ಹೊರದೇಶದ ತೆರಿಗೆ ಅಧಿಕಾರಿಗಳಿಗೆ ಪಾಠ ಹೇಳುವ ಆ ತರಬೇತಿ ಕೇಂದ್ರದಲ್ಲಿ ಎಲ್ಲರೂ ಹೆದರುತ್ತಿದ್ದದ್ದು ಟೀಚರಿಗಲ್ಲ, ಟೀಚರ ಮಾವನಿಗೆ. ಕೋರ್ಸಿನ ಕೊನೆಗೆ ತರಗತಿಯ ಮೂಲೆಯಲ್ಲೇ ಒಂದು ಆಟದ ಅಂಗಡಿ ಏಳುತ್ತಿತ್ತು. ಒಂದು ಮೇಜು, ಒಂದಷ್ಟು ಥಾನು ಬಟ್ಟೆ, ಗೋಡೆಯ ಮೇಲೆ ಅಂಗಡಿಯ ನಕ್ಷೆ. ಗಲ್ಲಾಪೆಟ್ಟಿಗೆಯ ಮುಂದೆ ಮಾವ. ಜೀವಮಾನವೆಲ್ಲ ಬಟ್ಟೆ ಮಾರಿ, ಮಂಡಿನೋವಿಗೆ ಸೋತು ವ್ಯಾಪಾರ ನಿಲ್ಲಿಸಿದ ಮನುಷ್ಯ. ಇಲ್ಲಿ ಅವರದು ತೆರಿಗೆ ತಪ್ಪಿಸುವ ವ್ಯಾಪಾರಿಯ ಪಾತ್ರ. ಲೆಕ್ಕಕ್ಕೆ ತೋರಿಸದ ಮಾಲು ಹಿಂದಿನ ಕೋಣೆಯಲ್ಲಿದೆ, ಆ ಕೋಣೆ ನಕ್ಷೆಯಲ್ಲಿಲ್ಲ. ಮಾತಾಡಿಸಿ ಮಾತಾಡಿಸಿ ಅದನ್ನು ಅವರ ಬಾಯಿಂದ ಹೊರಡಿಸಿದವರು ಪಾಸು. ಮಾವ ಮಾತ್ರ ನೀರು ಕುಡಿದಷ್ಟು ಸಲೀಸಾಗಿ ಸುಳ್ಳು ಹೇಳೋರು. ಇಂಥ ಪ್ರತಿಭೆ ಇಟ್ಕೊಂಡು ನಿಯತ್ತಾಗಿ ವ್ಯಾಪಾರ ಮಾಡಿದ್ರಲ್ಲ, ದಂಡ ಆಯ್ತು ಅಂತ ಟೀಚರಾಗಿದ್ದ ಸೊಸೆ ರೇಗಿಸೋಳು.

ಈ ಸಲದ ತಂಡದಲ್ಲಿ ಮೆಲುದನಿಯ ಹೆಣ್ಣುಮಗಳೊಬ್ಬಳಿದ್ದಳು. ಮೊದಲ ಸಲ ಮಾವನೆದುರು ಬೆವತು ಸೋತಿದ್ದಳು. ಉಳಿದದ್ದು ಇನ್ನೊಂದೇ ಅವಕಾಶ. ಪಾಸಾದರೆ ತನ್ನೂರಿನ ಕಚೇರಿಗೆ ವರ್ಗ. ಇಲ್ಲದಿದ್ದರೆ ಮತ್ತೆ ಗಡಿ ಠಾಣೆ, ಮಗಳು ಅಜ್ಜಿ ಮನೆಯಲ್ಲೇ ಬೆಳೆಯಬೇಕು. ಈ ಸುದ್ದಿ ಊಟದ ಮನೆಯಲ್ಲಿ ಓಡಾಡಿ ಮಾವನ ಕಿವಿಗೂ ಬಿದ್ದಿತ್ತು. ಪಾಪ ಅಂತ ಬಿಟ್ಟುಕೊಟ್ಟೀರಾ ಮತ್ತೆ, ಅದು ಮೋಸ ಆಗತ್ತೆ ಅಂತ ಸೊಸೆ ಮೊದಲೇ ಗದರಿದಳು. ಚೌಕಾಸಿ ಮಾಡೋ ಗಿರಾಕಿಗೇ ಜಗ್ಗದೋನು ನಾನು ಅಂದರು ಮಾವ.

ಅವಳು ಬಂದವಳೇ ಈ ಸಲ ಕುರ್ಚಿಯನ್ನು ಮಾವನ ಪಕ್ಕಕ್ಕೇ ಎಳೆದುಕೊಂಡಳು. ಅವಳ ದೇಶದಲ್ಲಿ ಹಾಗೇ ಅಂತೆ, ಅಧಿಕಾರಿ ವ್ಯಾಪಾರಿಯ ಎದುರಿಗೆ ಕೂರುವುದಿಲ್ಲ, ಪಕ್ಕದಲ್ಲಿ ಕೂರುತ್ತಾರೆ. ಇಲ್ಲಿ ತಪ್ಪಾದೀತು ಅಂತ ಮೊದಲ ಸಲ ಬಿಟ್ಟಿದ್ದಳು. ವ್ಯಾಪಾರ ಎಷ್ಟು, ಲಾಭ ಎಷ್ಟು, ಒಂದನ್ನೂ ಕೇಳಲಿಲ್ಲ.

"ಬೆಳಿಗ್ಗೆ ಅಂಗಡಿ ಹೇಗೆ ತೆಗೀತಿದ್ರಿ, ಯಜಮಾನ್ರೇ?"

ಮಾವ ಅವಳ ಕಡೆ ತಿರುಗಿ ಕೂತರು. ಆಮೇಲೆ ಶುರುವಾಯಿತು. ಷಟರು ಎಡಗಡೆ ಕಚ್ಚಿಕೊಳ್ಳುತ್ತಿತ್ತು, ಹಿಮ್ಮಡಿಯಲ್ಲಿ ಒಂದು ಕೊಡಬೇಕಿತ್ತು. ದಿನಾ ಮೊದಲು ಬರುತ್ತಿದ್ದದ್ದು ಒಬ್ಬ ನರ್ಸಮ್ಮ. ಎಲ್ಲ ಬಟ್ಟೆ ಮುಟ್ಟಿ ನೋಡಿ, ಒಂದನ್ನೂ ಕೊಳ್ಳದೆ, ಚೆನ್ನಾಗಿದೆ ಅಂತ ಹೇಳಿ ಹೋಗೋರು. ಹೇಳುತ್ತ ಹೇಳುತ್ತ ಮಾವನ ಕೈಗಳು ಗಾಳಿಯಲ್ಲೇ ಥಾನು ಬಿಚ್ಚತೊಡಗಿದವು.

"ರೇಷ್ಮೆ ಮುಂದೆ ಇಡ್ತಿರಲಿಲ್ಲಮ್ಮ, ಬಿಸಿಲಿಗೆ ಬಣ್ಣ ಹೋಗತ್ತೆ. ಒಳ್ಳೇ ಮಾಲೆಲ್ಲ ಹಿಂದಿನ ಕೋಣೇಲಿ."

ಅವಳು ನಕ್ಷೆಯ ಕಡೆ ನೋಡಿದಳು. "ಹಿಂದಿನ ಕೋಣೆ ಎಲ್ಲಿ, ಯಜಮಾನ್ರೇ?"

ಇಲ್ಲೇ ಅಂತ ಮಾವನ ಕೈ ಬೆನ್ನ ಹಿಂದಿನ ಗೋಡೆ ತೋರಿಸಿಯೇಬಿಟ್ಟಿತು. ತರಗತಿಯೇ ಚಪ್ಪಾಳೆ ತಟ್ಟಿತು.

ಹೊರಗೆ ವರಾಂಡದಲ್ಲಿ ಸೊಸೆ ಮಾವನನ್ನು ತಡೆದು ನಿಲ್ಲಿಸಿ, ಬೇಕಂತಲೇ ಸೋತ್ರಾ ಅಂತ ಕೇಳಿದಳು. ಅಂಕ ಇನ್ನೂ ಹಾಕಿರಲಿಲ್ಲ.

"ನಿನ್ನಾಣೆ ಇಲ್ಲಮ್ಮ. ಆಟ ಅನ್ನೋದೇ ಮರೆತುಹೋಯ್ತು. ಅಂಗಡಿ ಬಗ್ಗೆ ಯಾರು ಕೇಳ್ತಾರೆ ಈಗ?"

ಸೊಸೆ ಅವರ ಮುಖವನ್ನೇ ನೋಡಿದಳು. ನಾನೂ ಕೇಳಿರಲಿಲ್ಲವಲ್ಲ ಅನ್ನಿಸಿತು. ಒಳಗೆ ಹೋಗಿ ಪಾಸು ಮಾಡಿ ಬಂದಳು.

ಕಿಟಕಿಯ ಬಳಿ ಆ ಹೆಣ್ಣುಮಗಳು ಫೋನಿನಲ್ಲಿ ಮಗಳಿಗೆ ಏನೋ ಹೇಳುತ್ತ, ನಗುತ್ತ, ಕಣ್ಣೊರೆಸಿಕೊಳ್ಳುತ್ತಿದ್ದಳು. ಮಾವ ಬೆಂಚಿನ ಮೇಲೆ ಕೂತು, ಪಕ್ಕದಲ್ಲಿ ಜಾಗ ಬಿಟ್ಟರು.

"ಮಗು ಹತ್ರ ಮಾತು ಮುಗೀಲಿ, ಅವಸರ ಇಲ್ಲ. ಆಮೇಲೆ ಅವಳನ್ನ ಕಳ್ಸು. ಅಂಗಡಿ ತೆಗೀತಿದ್ದದ್ದಷ್ಟೇ ಹೇಳಿದೀನಿ, ಮುಚ್ಚಿದ್ದು ಹೇಳಿಲ್ಲ."

"ನಾನೂ ಕೇಳ್ತೀನಿ ಮಾವ" ಅಂದಳು ಸೊಸೆ. ಇನ್ನೊಂದು ಪಕ್ಕಕ್ಕೆ ಬಂದು ಕೂತಳು.