ಬಾಗಿಲವರೆಗೆ

ಸರ್ರ್, ಸರ್ರ್, ಹೊರಗೆ ಕಾರಿಡಾರಿನಲ್ಲಿ ಏನೋ ಉಜ್ಜುವ ಸದ್ದು, ಬಾಗಿಲ ಸಂದಿಯಿಂದ ಜೇನುಮೇಣದ ವಾಸನೆ, ನೆಲ ಹೊಳಪಿಸುವವರಿರಬೇಕು, ಕಾಲಿಗೆ ಉಣ್ಣೆಬಟ್ಟೆ ಸುತ್ತಿಕೊಂಡು ಜಾರುತ್ತ ಜಾರುತ್ತ ಮರದ ನೆಲ ಉಜ್ಜುವವರು, ಅರಮನೆ ಅಂದಮೇಲೆ ನೆಲ ಹೊಳೆಯಬೇಕಲ್ಲ, ಗಾಜು ಊದುವವನ ಮಗ ನಾನು, ಆನ್ಸೆಲ್ಮ್ ರುಕೆರೋಲ್, ದೇಶದ ಅಧ್ಯಕ್ಷನಾದೆನೆಂದು ನೆಲ ಮಂಕಾಗಬಾರದಲ್ಲ — ಆದರೆ ಈ ಸದ್ದು ನನಗೆ ಗೊತ್ತು, ಬೂಟಿಲ್ಲದ ಕಾಲುಗಳದು, ಇಷ್ಟು ಮೆತ್ತಗೆ ನಡೆಯುವವರು ಯಾರೋ ಎಚ್ಚರಾಗಬಾರದೆಂದು ನಡೆಯುತ್ತಾರೆ, ಜೈಲಿನಲ್ಲಿ ಹಾಗೆ ನಡೆದರು, ನಾನೂ ನಡೆದೆ, ಆಗಿನ್ನೂ ಎಳೆ ವಕೀಲ, ನನ್ನ ಮೊದಲ ಕೊಲೆ ಮೊಕದ್ದಮೆ, ಕಾರಿಡಾರಿನ ಈ ತುದಿಯಲ್ಲಿ ಕಾವಲಿನವರೆಲ್ಲ ಬೂಟು ಬಿಚ್ಚಿ ಗೋಡೆಗೆ ಸಾಲಾಗಿ ಇಟ್ಟರು, ಪಾದ್ರಿಯೂ ಬಿಚ್ಚಿದ, ತಲೆ ತೆಗೆಯುವುದು ಯಾವ ದಿನವೆಂದು ಕೈದಿಗೆ ಹೇಳುವುದಿಲ್ಲವಲ್ಲ, ಅವನು ದಿನಾ ಬೆಳಗಿನ ಜಾವ ಕಿವಿಗೊಟ್ಟು ಕೂತಿರುತ್ತಾನೆ, ಅದಕ್ಕೆ ಕಾಲುಚೀಲದಲ್ಲೇ ಹೋಗಬೇಕು, ನನ್ನ ಎಡಗಾಲಿನ ಚೀಲ ಹರಿದು ಹೆಬ್ಬೆರಳು ಹೊರಗೆ ಬಂದಿತ್ತು, ಒಬ್ಬ ಮನುಷ್ಯ ಸಾಯಲು ಹೊರಟಿದ್ದಾನೆ ಮತ್ತು ನಾನು ಹೆಬ್ಬೆರಳು ಮುಚ್ಚಿಕೊಳ್ಳುತ್ತಿದ್ದೇನೆ, ಬೀಗ ತೆಗೆಯುವಾಗ ಯಾರೂ ಉಸಿರಾಡಲಿಲ್ಲ, ಧೈರ್ಯ ತಗೊಳಪ್ಪ ಎಂದ ಜೈಲರು, ಹೊರಗೆ ಅಂಗಳದಲ್ಲಿ ಗಿಲೊಟಿನ್, ತಲೆ ಕತ್ತರಿಸುವ ಯಂತ್ರ, ಜೈಲಿನವರು ಅದಕ್ಕೆ ಇಟ್ಟ ಹೆಸರು ಮುಂಡೆ, ಮುಂಡೆ ಬಂದವಳೆ ಅಂತ ಪಿಸುಗುಡುತ್ತಾರೆ — ಅದಕ್ಕೆ ಕೆಲವೇ ದಿನ ಮೊದಲು ಇದೇ ಅರಮನೆಗೆ ಬಂದಿದ್ದೆ, ಇದೇ ಕೋಣೆ, ಕ್ಷಮಾದಾನ ಬೇಡಲು, ಆಗಿನ ಮುದಿ ಅಧ್ಯಕ್ಷರು ಪದ್ಧತಿಯಂತೆ ಒಂದು ಮಾತೂ ಆಡದೆ ಕೇಳಿಸಿಕೊಂಡು, ಎದ್ದು, ನನ್ನ ಜತೆ ಬಾಗಿಲವರೆಗೆ ಬಂದರು. ಬಾಗಿಲವರೆಗೆ ಬಂದರೆ ತಲೆ ಉಳಿಯಿತು ಅಂತ ವಕೀಲರಲ್ಲಿ ಒಂದು ನಂಬಿಕೆ, ಕೈದಿಗಳ ಮನೆಯವರಿಗೂ ಅದು ಗೊತ್ತು, ಹೊರಗೆ ಕಾಯುತ್ತಿದ್ದ ಅವನ ತಾಯಿ ಬೇರೇನೂ ಕೇಳಲಿಲ್ಲ, ಬಾಗ್ಲಗಂಟ ಬಂದ್ರಾ ಸ್ವಾಮಿ? ಬಂದ್ರಮ್ಮ. ಅಷ್ಟೇ. ಆಕೆ ನೆಟ್ಟಗೆ ಅಂಗಡಿಗೆ ಹೋಗಿ ಮಗನಿಗೊಂದು ಒಣಹುಲ್ಲಿನ ಟೋಪಿ ತಂದಳು, ತಲೆ ಉಳಿದವರನ್ನು ಆಗ ಸಮುದ್ರದಾಚೆ ಬಿಸಿಲಿನ ದ್ವೀಪಕ್ಕೆ ಗಡೀಪಾರು ಮಾಡುತ್ತಿದ್ದರು, ಅವ್ನಿಗೆ ಬಿಸ್ಲು ಆಗಲ್ಲ ಸ್ವಾಮಿ ಎಂದಳು.

ಸರ್ರ್, ಸರ್ರ್. ಕ್ಷಮಾದಾನದ ಕಡತ ನನ್ನ ತೀರ್ಮಾನದೊಂದಿಗೆ ಸಂಜೆಯೊಳಗೆ ನ್ಯಾಯಖಾತೆಗೆ ಮರಳಬೇಕು, ಮೇಜಿನ ಮೇಲೆ ಇದೆ, ತೆಯೋಫಿಲ್ ಬೆಸ್, ಇಪ್ಪತ್ತೆರಡು ವರ್ಷ, ರಿಯುಸೆಕ್ ಊರಿನ ಗಾಜಿನ ಕಾರ್ಖಾನೆಯಿಂದ ಹೊರಹಾಕಿಸಿಕೊಂಡವನು, ಸಹಕಾರಿ ಅಂಗಡಿಯ ಹಿಂದಿನ ಉಗ್ರಾಣಕ್ಕೆ ಹಂದಿತೊಡೆ ಕದಿಯಲು ನುಗ್ಗಿದವನು, ತಡೆಯಲು ಬಂದ ಮೇಯರನನ್ನು ಗಾಜು ಊದುವ ಕಬ್ಬಿಣದ ಕೊಳವೆಯಿಂದ ಹೊಡೆದು ಕೊಂದವನು, ಮತ್ತು ಆ ಮೇಯರ್ ಯಾರೋ ಅಲ್ಲ, ನನ್ನ ಫಿರ್ಮೆನ್, ಒಂದೇ ಬೀದಿ ಒಂದೇ ಪಕ್ಷ, ಪೀಪಾಯಿಯ ಮೇಲೆ ನಿಂತು ನಾನು ಭಾಷಣ ಬಿಗಿಯುವಾಗ ಪೀಪಾಯಿ ಅಲುಗದಂತೆ ಹಿಡಿದುಕೊಳ್ಳುತ್ತಿದ್ದವನು, ಸಂಗಾತಿಗಳೇ, ನಾವು ಅಧಿಕಾರಕ್ಕೆ ಬಂದ ದಿನ ಆ ಯಂತ್ರವನ್ನು ನದಿಗೆ ಎಸೆಯುತ್ತೇವೆ ಎಂದು ನಾನು ಕೂಗಿದರೆ ಕೆಳಗಿನಿಂದ ಅವನು, ಮೀನು ಏನ್ ಪಾಪ ಮಾಡಿದ್ವೋ ಆನ್ಸೆಲ್ಮ್? ಜನ ಬಿದ್ದೂ ಬಿದ್ದೂ ನಗುತ್ತಿದ್ದರು. ಬಂದೆವು ಅಧಿಕಾರಕ್ಕೆ. ಎರಡು ಸಲ ಮಂತ್ರಿ, ಒಂದು ಸಲ ಕೈದಿ, ಯುದ್ಧ ಸೋತ ಬೇಸಗೆಯಲ್ಲಿ ದೇಶವನ್ನು ಮುದಿ ದಂಡನಾಯಕನ ಕೈಗೆ ಒಪ್ಪಿಸುವಾಗ ಬೇಡವೆಂದ ಕೆಲವೇ ಮಂದಿಯಲ್ಲಿ ನಾನೂ ಒಬ್ಬ, ಅದಕ್ಕೇ ಸೆರೆ, ಅದಕ್ಕೇ ಯುದ್ಧ ಮುಗಿದ ಮೇಲೆ ಈ ಪದವಿ, ವೆರ್ಸಾಯ್‌ನಲ್ಲಿ ಸಂಸತ್ತು ಸೇರಿ ಆರಿಸಿ ನನ್ನ ಹೆಸರು ಓದಿದಾಗ ನಮ್ಮವರು ಎದ್ದು ಮುಷ್ಟಿ ಎತ್ತಿ ಹಾಡಿದರು, ಫಿರ್ಮೆನ್ ಗ್ಯಾಲರಿಯಲ್ಲಿ ಮಗುವಿನಂತೆ ಅತ್ತ, ಮತ್ತು ಯಂತ್ರ ಅಲ್ಲೇ ಇದೆ, ಅದನ್ನು ತೆಗೆದುಹಾಕುವ ಮಸೂದೆ ಈ ವರ್ಷ ತಂದರೆ ಮೈತ್ರಿ ಮುರಿಯುತ್ತದೆ, ಬರುವ ವರ್ಷ ಚುನಾವಣೆ, ಯಂತ್ರಕ್ಕೆ ಎಣ್ಣೆ ಹಾಕುವವನ ಸಂಬಳವೂ ನಮ್ಮ ಬಜೆಟ್ಟಿನಲ್ಲೇ. ಮಧ್ಯಾಹ್ನ ಊಟಕ್ಕೆ ಒನೊರಿನ್ ಬಂದಿದ್ದಳು, ಫಿರ್ಮೆನ್ ಹೆಂಡತಿ, ಕಪ್ಪು ಉಡುಪು, ರೈಲಿನ ಹೊಗೆಯ ವಾಸನೆ, ಏನೂ ತಿನ್ನಲಿಲ್ಲ, ಒಂದು ಪೇರ್ ಹಣ್ಣಿನ ಸಿಪ್ಪೆಯನ್ನು ಎಲ್ಲೂ ಕಡಿಯದಂತೆ ಸುತ್ತ ಸುತ್ತ ಬಿಡಿಸಿ ಹಣ್ಣನ್ನು ಹಾಗೇ ತಟ್ಟೆಯಲ್ಲಿಟ್ಟಳು, ನೋಡು ಆನ್ಸೆಲ್ಮ್, ಫಿರ್ಮೆನ್ ಇದ್ದಿದ್ರೆ ಆ ಹುಡುಗನ್ನ ಬಿಟ್ಬಿಡು ಅಂತಿದ್ದ, ನಂಗೊತ್ತು, ನೀನು ಬಾಯಿ ತೆಗೀಬೇಡ. ಫಿರ್ಮೆನ್ ಇಲ್ಲ. ನಾನಿದ್ದೀನಿ. ನಿನ್ನ ಭಾಷಣ ನಂಗೂ ಬಾಯಿಪಾಠ, ಸೂಪು ಬಡಿಸ್ತಾ ಬಡಿಸ್ತಾ ಕೇಳಿದ್ದೀನಿ, ನಿಮ್ಮ ಭಾಷಣದಲ್ಲಿ ಸಾಯೋರೆಲ್ಲ ಬೇರೆಯವರ ಗಂಡಂದಿರು. ನಾನು ತಲೆಯಾಡಿಸಿದೆ. ತಲೆಯಾಡಿಸಿದೆ, ಹೌದು, ಅದು ಒಪ್ಪಿಗೆಯೇ, ಅವಳ ಅಡುಗೆಮನೆಯ ಅಟ್ಟದಲ್ಲಿ ಒಂದು ಚಳಿಗಾಲವಿಡೀ ಅಡಗಿ ಬದುಕಿದವನು ನಾನು, ಅವಳು ಒಂದು ತಲೆ ಕೇಳಿದಳು, ಕೊಡುತ್ತೇನೆ ಎಂದೆ, ಪಕ್ಕದ ಕೋಣೆಯಲ್ಲಿ ಕೋಟು ಬಿಚ್ಚದೆ ಕಾಯುತ್ತಿದ್ದಾಳೆ, ಆಗಿದ್ದು ಕೇಳಿಕೊಂಡೇ ರೈಲು ಹತ್ತುವುದಂತೆ.

ವಕೀಲರು ಬಂದಿದ್ದಾರೆ ಅಧ್ಯಕ್ಷರೇ, ಎಂದ ಕಾರ್ಯದರ್ಶಿ ದೆಲ್ಮಾಸ್, ಬಂದವನು ಕಸಾನ್ ಎಂಬ ತೆಳ್ಳನೆಯ ಹುಡುಗ, ದೇವರೇ ಎಷ್ಟು ಎಳೆಯವರನ್ನು ಕಳಿಸುತ್ತಾರೆ, ನಾನು ಕೂತಲ್ಲೇ ಇರುತ್ತೇನೆ, ಕಲ್ಲಾಗಿರುತ್ತೇನೆ, ಇವನಿಗೆ ಸುಳ್ಳು ಆಸೆಯ ಯಾವ ಟೋಪಿಯನ್ನೂ ಕೊಡುವುದಿಲ್ಲ ಎಂದು ಮೊದಲೇ ನಿಶ್ಚಯಿಸಿದ್ದೆ, ಅವನು ಹೇಳುತ್ತಾನೆ, ಅಧ್ಯಕ್ಷರೇ, ತೆಯೋಫಿಲ್ ಕೊಲ್ಲೋಕೆ ಬಂದೋನಲ್ಲ, ಹಸಿದು ಬಂದೋನು, ಹೆದರಿ ಹೊಡ್ದ, ಹೊಡೆದ್ಮೇಲೆ ತಾನೇ ಕೂಗಿ ಊರವರನ್ನ ಕರ್ದ, ಈಗ ಕತ್ತಲಿರೋ ತನಕ ನಿದ್ದೆ ಮಾಡಲ್ಲ ಅಧ್ಯಕ್ಷರೇ, ಬೆಳಕಾದ್ಮೇಲೆ, ಇವತ್ತಲ್ಲ ಅಂತ ಗೊತ್ತಾದ್ಮೇಲೆ ಮಲಗ್ತಾನೆ, ನಾನು ಕಿಟಕಿಯಾಚೆ ನೋಡುತ್ತೇನೆ, ಮಾಲಿ ಗುಲಾಬಿ ಪಾತಿಯಲ್ಲಿ ಬಗ್ಗಿದ್ದಾನೆ, ನನಗೆ ಮಾತಿಲ್ಲ, ಅಧ್ಯಕ್ಷನಿಗೆ ಇಲ್ಲಿ ಕಿವಿ ಮಾತ್ರ, ಅವನು ಮುಗಿಸಿದ, ತಲೆಬಾಗಿದ, ಹಿಂದೆ ಹೆಜ್ಜೆಯಿಟ್ಟ, ಆ ಹಾಳು ಮೇಣ, ಹಿಮ್ಮಡಿ ಸರ್ರನೆ ಜಾರಿತು, ಕಾಗದವೆಲ್ಲ ಚೆಲ್ಲಾಪಿಲ್ಲಿ, ನಾನು ಎದ್ದುಬಿಟ್ಟೆ, ಬೀಳುವವನನ್ನು ಕಂಡರೆ ಯಾರಾದರೂ ಏಳುತ್ತಾರೆ, ಮೊಣಕೈ ಹಿಡಿದೆ, ಅವನು ಬಗ್ಗಿ ಕಾಗದ ಆರಿಸಿದ, ಮತ್ತೆ ಜಾರಿಯಾನೆಂದು ಹಿಡಿದೇ ನಾಲ್ಕು ಹೆಜ್ಜೆ ನಡೆಸಿದೆ, ಆಮೇಲೆ ಇಬ್ಬರೂ ಒಟ್ಟಿಗೆ ನಿಂತೆವು, ಬಾಗಿಲಲ್ಲಿ. ಅವನು ಬಾಗಿಲು ನೋಡಿದ, ನನ್ನ ಕೈ ನೋಡಿದ, ನನ್ನ ಮುಖ ನೋಡಿದ, ಕಣ್ಣು ತುಂಬಿಬಂತು, ಅಧ್ಯಕ್ಷರೇ, ಅಷ್ಟೇ ಅಂದ, ಇಲ್ಲಪ್ಪ, ನೆಲ ಜಾರ್ತಿತ್ತು ಅಷ್ಟೆ, ಅನ್ನಬೇಕು, ಅನ್ನುವ ಹಾಗಿಲ್ಲ, ಅವನಾಗಲೇ ಮೆಟ್ಟಿಲಲ್ಲಿ ಓಡುತ್ತಿದ್ದಾನೆ, ಎಲ್ಲೋ ಒಬ್ಬ ತಾಯಿ ಏನನ್ನೋ ಕೊಳ್ಳಲು ಕೋಟು ಹಾಕಿಕೊಳ್ಳುತ್ತಿದ್ದಾಳೆ.

ಮರಳಿ ಮೇಜಿಗೆ ಬಂದು ಕೂತೆ, ಪೆನ್ನು ತೆಗೆದೆ, ಒಂದೇ ಸಾಲು ಬರೆಯಬೇಕು, ನ್ಯಾಯ ತನ್ನ ದಾರಿ ಹಿಡಿಯಲಿ, ಅಷ್ಟೇ, ಆದರೆ ಆ ವಕೀಲ ಹುಡುಗ ಕಾಗದ ಆರಿಸಲು ಬಗ್ಗಿದ್ದನಲ್ಲ, ಕಾಲರ್ ಕೆಳಗೆ ಸರಿದು ಕತ್ತಿನ ಹಿಂಬದಿ, ಹೆಕ್ಕತ್ತು, ಕಂಡಿತ್ತು, ಹೊಸದಾಗಿ ಬೋಳಿಸಿದ್ದು, ನಡುವೆ ಒಂದು ಕುಳಿ, ಕುಳಿಯಲ್ಲಿ ನಾಲ್ಕು ಚಿನ್ನದ ರೋಮ, ಬೆಳ್ಳಗೆ, ಅದು ಕಣ್ಣಿಂದ ಹೋಗುತ್ತಿಲ್ಲ, ಏನು ಬರೀಲಿ ಅಧ್ಯಕ್ಷರೇ ಎಂದು ದೆಲ್ಮಾಸ್ ಕಡತದ ಮೇಲೆ ಬಾಗಿದರೆ ಅವನಿಗೂ ಹೆಕ್ಕತ್ತು, ಕಿಟಕಿಯಾಚೆ ಮಾಲಿಗೆ ಹೆಕ್ಕತ್ತು, ತೆರೆದ ಬಾಗಿಲಾಚೆ ಟೈಪು ಮಾಡುವವರ ಸಾಲು, ಹೆಕ್ಕತ್ತು ಹೆಕ್ಕತ್ತು ಹೆಕ್ಕತ್ತು, ಮತ್ತು ನಾನು, ನಾನು ಪ್ರತಿಯೊಂದರ ಮೇಲೂ ಕಣ್ಣಲ್ಲೇ ಗೆರೆ ಎಳೆಯುತ್ತಿದ್ದೇನೆ, ಅಲಗು ಎಲ್ಲಿ ಬೀಳಬೇಕೋ ಅಲ್ಲಿಗೆ ಸರಿಯಾಗಿ, ಜೈಲಿನಲ್ಲಿ ಆ ಜಾವ ಕತ್ತರಿ ಹಿಡಿದು ಕೈದಿಯ ಅಂಗಿಯ ಕಾಲರ್ ಕತ್ತರಿಸಿದವನೂ ಹೀಗೇ ನೋಡಿದ್ದ, ಹೋಗು, ಹೋಗು, ಕಣ್ಣು ಮುಚ್ಚಿದರೆ ಮಂಜು, ಬೆಟ್ಟದ ಕಣಿವೆ, ಸೆರೆಯಿಂದ ತಪ್ಪಿಸಿಕೊಂಡ ನನ್ನನ್ನು ಫಿರ್ಮೆನ್ ಗಡಿ ದಾಟಿಸುತ್ತಿದ್ದಾನೆ, ಹಾಡಹಗಲು, ಆದರೂ ಕೈ ಚಾಚಿದರೆ ಕೈ ಕಾಣದು, ಒಂದು ಪಕ್ಕ ಪ್ರಪಾತ, ಅವನು ಚಳಿಯಲ್ಲೂ ಕೊರಳಿನ ಉಣ್ಣೆಬಟ್ಟೆ ಬಿಚ್ಚಿ ಟೋಪಿ ತೆಗೆದ, ಕೆಳಗೆ ನೋಡ್ಬೇಡ ಮಾರಾಯ, ನನ್ನ ಕತ್ತು ನೋಡ್ಕೊಂಡು ಬಾ, ಕತ್ತು ಕಾಣ್ತಿದ್ರೆ ದಾರಿ ಇದೆ ಅಂತ ಲೆಕ್ಕ, ಮಂಜು ದಟ್ಟವಾಗಿ ಭುಜ ಹೋಯಿತು, ತಲೆ ಹೋಯಿತು, ಗಾಳಿಯಲ್ಲಿ ತೇಲುವ ಒಂದು ಹೆಕ್ಕತ್ತು ಮಾತ್ರ ಮುಂದೆ ಮುಂದೆ, ಅದರ ಹಿಂದೆ ನಡೆದು ಬಂದದ್ದೇ ನನ್ನ ಉಳಿದ ಆಯುಸ್ಸೆಲ್ಲ. ಬರೆದೆ. ಮರಣದಂಡನೆಯನ್ನು ಜೀವಾವಧಿ ಸೆರೆಗೆ ಇಳಿಸಲಾಗಿದೆ, ಸಹಿ, ಕರುಣೆಯಿಂದಲ್ಲ, ಪೀಪಾಯಿಯ ಮೇಲೆ ಕೊಟ್ಟ ಮಾತಿಗಲ್ಲ, ಹೆದರಿ, ಇದು ಕಣ್ಣಿಂದ ಹೋಗಲೆಂದು, ದೆಲ್ಮಾಸ್ ಶಾಯಿ ಹೀರುವ ಕಾಗದ ಒತ್ತಿ ಕಡತ ಎತ್ತಿಕೊಂಡ, ಒನೊರಿನ್ ಬಂದು ನಿಂತಿದ್ದಾಳೆ, ಕೇಳಬೇಕಾಗಿರಲಿಲ್ಲ ಅವಳು, ಬರೆದ್ಯಾ? ಬರೆದೆ. ಬಿಟ್ಯಾ ಅವನ್ನ? ಒನೊರಿನ್, ನೋಡು. ನೋಡೋದೇನಿಲ್ಲ, ಅವತ್ತು ಫಿರ್ಮೆನ್ ನಿನ್ನ ಆ ಮಂಜಲ್ಲೇ ಬಿಟ್ಟು ಬಂದಿದ್ರೆ ಇವತ್ತು ಈ ಕುರ್ಚೀಲಿ ಇನ್ನೊಬ್ಬ ಇರ್ತಿದ್ದ, ನನ್ ಗಂಡನ್ನ ಗೊತ್ತಿಲ್ದೋನು, ಅವನು ನ್ಯಾಯ ಮಾಡ್ತಿದ್ದ. ನಾನು ಏಳಹೋದೆ, ಬೇಡ, ಬಾಗಿಲವರೆಗೆ ಬರ್ಬೇಡ, ಎಂದಳು, ಮೇಣದ ನೆಲದ ಮೇಲೆ ಒಂದೊಂದೇ ಹೆಜ್ಜೆ ಊರಿ ಹೋದಳು, ಕಪ್ಪು ವಸ್ತ್ರ ಕೂದಲಿನಿಂದ ಬೆನ್ನಿನವರೆಗೆ ಮುಚ್ಚಿತ್ತು, ಹೆಕ್ಕತ್ತು ಕಾಣಲಿಲ್ಲ, ಒಳ್ಳೆಯದಾಯಿತು, ಈಗ ಮುಗಿಯಿತು, ಸಹಿಯಾಗಿದೆ, ಒಬ್ಬ ಹುಡುಗ ನಾಳೆ ಕತ್ತಲಲ್ಲೇ ನಿದ್ದೆ ಮಾಡುತ್ತಾನೆ, ಇನ್ನು ಅದು ಹೋಗಬೇಕು, ಹೋಗಬೇಕಲ್ಲ — ಕಿಟಕಿಗೆ ಮಂಜು ಬಂದಿದೆ, ತೋಟ ಇಲ್ಲ, ಮಾಲಿ ಇಲ್ಲ, ಮೇಜು ಅರ್ಧ ಇದೆ, ಅರ್ಧ ಇಲ್ಲ, ಮುಂದೆ ಅದು, ಬೆಳ್ಳಗೆ, ಯಾರದು, ಫಿರ್ಮೆನ್ ಆದರೆ ತಿರುಗಿ ನಕ್ಕುಬಿಡುತ್ತಾನೆ, ಆ ತೆಯೋಫಿಲ್ ಆದರೆ, ಅವನ ಮುಖ ನಾನು ನೋಡಿಯೇ ಇಲ್ಲ, ತಿರುಗು, ಯಾರಾದರೂ ಸರಿ, ಒಂದು ಸಲ ತಿರುಗು ಮಾರಾಯ, ಹೆಕ್ಕತ್ತು, ನಡುವೆ ಆ ಕುಳಿ, ನಾನು ನಿಂತರೆ ಅದೂ ನಿಲ್ಲುತ್ತದೆ, ತಿರುಗು — ಹೆಕ್ಕತ್ತು — ತಿರುಗುವುದಿಲ್ಲ — ಹೆಕ್ಕತ್ತು